ತೂಕ ಕಡಿಮೆ, ತುಕ್ಕು ಜಾಸ್ತಿ

ಇಂಗ್ಲೆಂಡಿನಲ್ಲಿ ಅಗ್ಗಕ್ಕೊಂದು ಹಳೆಯ ಸ್ಪೋರ್ಟ್ಸ್ ಕಾರು, ಅದೂ ಎರಡೇ ಸೀಟಿನದು, ಮೇಲ್ಛಾವಣಿ ಮಡಚುವಂಥದ್ದು ಬೇಕೆಂದರೆ ಮಾತು ಕೊನೆಗೆ ಮಜ್ದಾ ಎಂಎಕ್ಸ್-5 ಹತ್ತಿರವೇ ಬಂದು ನಿಲ್ಲುತ್ತದೆ. 1989ರಲ್ಲಿ ಬಂದ ಮೊದಲ ಮಾದರಿಗೆ ಬರೀ 1.6 ಲೀಟರಿನ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ. ವೇಗ ಹೇಳಿಕೊಳ್ಳುವಂಥದ್ದಲ್ಲ. ಆದರೆ ಆ ಗಿಡ್ಡ ಗೇರ್ ಲಿವರನ್ನೊಮ್ಮೆ ಹಿಡಿದು ನೋಡಬೇಕು! ಮಣಿಕಟ್ಟು ತುಸು ಆಡಿಸಿದರೆ ಸಾಕು, ಟಕ್ಕೆಂದು ಕೂರುತ್ತದೆ. ಎಂಜಿನ್ ಮುಂದೆ, ಎಳೆತ ಹಿಂದಿನ ಗಾಲಿಗೆ. ತಿರುವಿನಲ್ಲಿ ಕಾರು ನಾವು ಹೇಳಿದಂತೆ ಕೇಳುತ್ತದೆ.

ಕೊಳ್ಳುವವರು ಬಣ್ಣದ ಹೊಳಪಿಗೆ ಮರುಳಾಗಬಾರದು. ಮೊದಲು ಮೊಣಕಾಲೂರಿ ಬಾಗಿಲ ಕೆಳಗಿನ ಪಟ್ಟಿಯನ್ನು, ಅದರಲ್ಲೂ ಹಿಂದಿನ ಗಾಲಿಯ ಮುಂಭಾಗವನ್ನು, ಬೆರಳಿನಿಂದ ಒತ್ತಿ ನೋಡಬೇಕು. ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಸಣ್ಣ ಕೊಳವೆಗಳ ಮೂಲಕ ಕೆಳಗಿಳಿಯುತ್ತದೆ. ಎಲೆ, ಕಸ ಸಿಕ್ಕಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಉಳಿದ ಕೆಲಸ ಮುಗಿಸುತ್ತದೆ. ಎಂಜಿನ್ ಗಟ್ಟಿಪಿಂಡ, ಎಣ್ಣೆ ಬದಲಿಸುತ್ತಿದ್ದರೆ ಸಾಕು. ವೆಲ್ಡಿಂಗ್ ಖರ್ಚು ಮಾತ್ರ ಕಾರಿನ ಬೆಲೆಯನ್ನೇ ಮೀರಬಹುದು.

ಇಂಗ್ಲೆಂಡಿನಲ್ಲಿ ಕಾರಿನ ವಾರ್ಷಿಕ ತಪಾಸಣೆಯ ದಾಖಲೆಯನ್ನು ಜಾಲತಾಣದಲ್ಲಿ ಅದರ ನಂಬರ್ ಹಾಕಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ತುಕ್ಕಿನ ಮಾತು ಆ ದಾಖಲೆಯಲ್ಲಿ ವರ್ಷವರ್ಷವೂ ಬಂದಿದ್ದರೆ ಮಾರುವವರ ನಗುಮುಖ ನೋಡದೆ ಹೊರಟುಬಿಡಿ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿಗಿಂತ, ಹೆಚ್ಚು ಓಡಿಯೂ ಸರ್ವಿಸ್ ಚೀಟಿಗಳ ಕಟ್ಟು ಜೊತೆಗಿರುವ ಕಾರೇ ನನ್ನ ಆಯ್ಕೆ.