ಕಂತು ತಪ್ಪಿದ ಮೇಲೆ ನಡೆದದ್ದು

ಅಮೆರಿಕದ ಮನೆ ಜಪ್ತಿಗಳ ಕಥೆಗೆ ಎರಡು ಪಾಠಗಳಿವೆ. ಯೋಗ್ಯತೆ ಮೀರಿ ಸಾಲ ಮಾಡಿದವರದೇ ತಪ್ಪು ಎನ್ನುವುದು ಒಂದು. 2009ರ ಫೆಬ್ರವರಿಯಲ್ಲಿ ಟಿವಿ ವರದಿಗಾರ ರಿಕ್ ಸ್ಯಾಂಟೆಲಿ ಶಿಕಾಗೋದ ವಾಯಿದಾ ಪೇಟೆಯಲ್ಲಿ ನಿಂತು ಕ್ಯಾಮೆರಾದೆದುರು ಕೂಗಾಡಿದ್ದು ಇದನ್ನೇ. ಎಲ್ಲ ವಾಲ್ ಸ್ಟ್ರೀಟಿನ ದುರಾಸೆ ಎನ್ನುವುದು ಇನ್ನೊಂದು. ‘ದಿ ಬಿಗ್ ಶಾರ್ಟ್’ ಚಿತ್ರ ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಎರಡನೆಯದು ಸತ್ಯಕ್ಕೆ ಹೆಚ್ಚು ಹತ್ತಿರ, ಒಪ್ಪುತ್ತೇನೆ. ಆದರೆ ಎರಡೂ ಅಪರಾಧಿಯನ್ನು ಹುಡುಕುವುದು ಸಾಲ ಹುಟ್ಟಿದ ಗಳಿಗೆಯಲ್ಲಿ. ಕಂತು ತಪ್ಪಿದರೆ ಮನೆ ಹೋಗುವುದು ಮಳೆ ಬಂದರೆ ನೆಲ ನೆನೆಯುವಷ್ಟು ಸಹಜ ಎಂದು ಎರಡೂ ನಂಬಿವೆ. ನನ್ನ ತಕರಾರು ಈ ನಂಬಿಕೆಯೊಂದಿಗೆ. ಜಪ್ತಿ ತಾನಾಗಿ ಆಗುವುದಿಲ್ಲ. ಯಾರೋ ಲೆಕ್ಕ ಹಾಕಿ ಮಾಡುತ್ತಾರೆ.

ಮೊದಲ ಪಾಠವನ್ನು ಬೇಗ ಮುಗಿಸಬಹುದು. 1977ರ ಸಮುದಾಯ ಮರುಹೂಡಿಕೆ ಕಾಯ್ದೆ ಬಡವರಿಗೆ ಸಾಲ ಕೊಡಿಸಿದ್ದೇ ಅನರ್ಥಕ್ಕೆ ಕಾರಣವೆಂದು ಇಂದಿಗೂ ವಾದಿಸುವವರಿದ್ದಾರೆ. ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ತಾಳೆ ಹಾಕಿದಾಗ, ದುಬಾರಿ ಬಡ್ಡಿಯ ಸಾಲಗಳಲ್ಲಿ ಆ ಕಾಯ್ದೆಗೆ ಒಳಪಟ್ಟ ಬ್ಯಾಂಕುಗಳು ತಮ್ಮ ವ್ಯಾಪ್ತಿಯ ಕಡಿಮೆ ಆದಾಯದವರಿಗೆ ಕೊಟ್ಟದ್ದು ಶೇ. 6 ಮಾತ್ರ. ಇನ್ನು, ಸಾಲ ತೀರಿಸುವ ಭರವಸೆ ಕಡಿಮೆಯಿರುವವರಿಗೆ ಅಂಟಿಸಿದ ‘ಸಬ್‌ಪ್ರೈಮ್’ ಎಂಬ ಬೈಗುಳ. ಅರ್ಥಶಾಸ್ತ್ರಜ್ಞರಾದ ಫೆರೇರಾ ಮತ್ತು ಗ್ಯೂರ್ಕೊ 1997ರಿಂದ 2012ರವರೆಗಿನ ದಾಖಲೆಗಳನ್ನು ಜೋಡಿಸಿ ನೋಡಿ, ಇದು ಸಬ್‌ಪ್ರೈಮ್‌ಗಿಂತ ಹೆಚ್ಚಾಗಿ ಪ್ರೈಮ್ ಸಾಲಗಾರರ ಬಿಕ್ಕಟ್ಟು ಎಂದರು. ಅಂದರೆ ಬ್ಯಾಂಕುಗಳೇ ನಂಬಿಗಸ್ತರೆಂದು ಒಪ್ಪಿಕೊಂಡಿದ್ದ ಜನ.

ಎರಡನೆಯ ಪಾಠದ ಕುರುಡು ಹೆಚ್ಚು ಕುತೂಹಲಕರ. ‘ದಿ ಬಿಗ್ ಶಾರ್ಟ್’ ಚುರುಕಾದ ಚಿತ್ರ. ಕ್ಲಿಷ್ಟ ಹಣಕಾಸನ್ನು ಅಷ್ಟು ಲೀಲಾಜಾಲವಾಗಿ ತೆರೆಗೆ ತಂದ ಇನ್ನೊಂದು ನನಗೆ ಗೊತ್ತಿಲ್ಲ. ಆದರೂ ಅದರಲ್ಲಿ ಸರ್ವಿಸರ್ ಕಂಪನಿಗೆ ಪಾತ್ರವೇ ಇಲ್ಲ. ಸಾಲ ಕೊಟ್ಟವರು ಅದನ್ನು ಮಾರಿ ಕೈತೊಳೆದುಕೊಂಡಿರುತ್ತಾರೆ, ಕೊಂಡ ಹೂಡಿಕೆದಾರ ಎಲ್ಲೋ ಇರುತ್ತಾನೆ. ಕಂತು ವಸೂಲು ಮಾಡುವುದು, ಫೋನ್ ಎತ್ತುವುದು, ನೋಟಿಸ್ ಕಳಿಸುವುದು ಎಲ್ಲ ಸರ್ವಿಸರ್ ಕೆಲಸ. ಅದರ ಆದಾಯ ಬಾಕಿ ಸಾಲದ ಒಂದು ಸಣ್ಣ ಅಂಶ, ಮತ್ತು ತಡವಾದ ಕಂತಿನ ಮೇಲಿನ ದಂಡ. ಮನೆ ಹರಾಜಾದರೆ, ಸರ್ವಿಸರ್ ಕೈಯಿಂದ ಹಾಕಿದ ಮುಂಗಡ ಮತ್ತು ಶುಲ್ಕಗಳು ಎಲ್ಲರಿಗಿಂತ ಮೊದಲು ಅದಕ್ಕೇ ಸಲ್ಲುತ್ತವೆ. ನಷ್ಟ ಹೂಡಿಕೆದಾರನ ಪಾಲಿಗೆ. ಕಂತನ್ನು ಮರುಹೊಂದಿಸಲು ಜನ ಬೇಕು, ತಾಳ್ಮೆ ಬೇಕು, ಅದಕ್ಕೆ ತಕ್ಕ ಪ್ರತಿಫಲವಿಲ್ಲ. ಹೀಗಾಗಿ ಒಂದು ಮೇಜಿನ ಮೇಲೆ ಸಾಲಗಾರನ ಅರ್ಜಿ ಕೂತಿರುವಾಗಲೇ ಪಕ್ಕದ ಮೇಜಿನಲ್ಲಿ ಹರಾಜಿನ ದಿನ ನಿಗದಿಯಾಗುತ್ತಿತ್ತು. ಸರ್ವಿಸರ್‌ಗಳ ನೌಕರರು ಕಡತ ಓದದೆಯೇ ತಿಂಗಳಿಗೆ ಸಾವಿರಗಟ್ಟಲೆ ಜಪ್ತಿ ಪ್ರಮಾಣಪತ್ರಗಳಿಗೆ ರುಜು ಹಾಕುತ್ತಿದ್ದುದು 2010ರಲ್ಲಿ ಬಯಲಾಯಿತು; 2012ರಲ್ಲಿ ಐದು ದೊಡ್ಡ ಸಂಸ್ಥೆಗಳು 49 ರಾಜ್ಯಗಳೊಂದಿಗೆ 2,500 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದವು. ಮರುವರ್ಷ ಇಂಥದೇ ಒಪ್ಪಂದಕ್ಕೆ ಸಹಿ ಹಾಕಿದ ಆಕ್ವೆನ್ ಎಂಬ ಸರ್ವಿಸರ್ ಕಂಪನಿಯ ನೌಕರರಲ್ಲಿ ದೊಡ್ಡ ಪಾಲು ಭಾರತದಲ್ಲಿತ್ತು, ನಮ್ಮ ಬೆಂಗಳೂರಿನಲ್ಲೂ. ಈ ಕಥೆ ನಮಗೆ ನಾವು ಅಂದುಕೊಂಡಷ್ಟು ದೂರದ್ದಲ್ಲ.

ಹಾಗಾದರೆ ಸುಳ್ಳು ಆದಾಯ ತೋರಿಸಿದವರು, ಮಾರಿ ಲಾಭ ಮಾಡಲೆಂದೇ ಮೂರು ನಾಲ್ಕು ಮನೆ ಕೊಂಡವರು ಇರಲಿಲ್ಲವೇ? ಇದ್ದರು. ರಿಯಾಯಿತಿ ಕೊಟ್ಟರೆ ಅಂಥವರಿಗೆ ಕುಮ್ಮಕ್ಕು ಸಿಗುತ್ತದೆಂಬ ಆಕ್ಷೇಪ ಹಗುರದ್ದಲ್ಲ. ಆದರೆ ಅಲ್ಲಿನ ದಿವಾಳಿ ಕಾನೂನನ್ನು ನೋಡಿ: ರಜೆಗೆಂದು ಇಟ್ಟುಕೊಂಡ ಎರಡನೇ ಮನೆಯ, ಬಾಡಿಗೆಗೆ ಕೊಟ್ಟ ಮನೆಯ ಸಾಲವನ್ನು ನ್ಯಾಯಾಧೀಶರು ಮನೆಯ ಈಗಿನ ಬೆಲೆಗೆ ಇಳಿಸಬಹುದು; ಸಂಸಾರ ವಾಸವಿರುವ ಮನೆಯ ಸಾಲವನ್ನು ಮುಟ್ಟುವಂತಿಲ್ಲ. ಕುಮ್ಮಕ್ಕು ಯಾರಿಗೆ? ಇದನ್ನು ತಿದ್ದುವ ಪ್ರಸ್ತಾಪ 2009ರ ಏಪ್ರಿಲ್ 30ರಂದು ಸೆನೆಟ್‌ನಲ್ಲಿ 45–51 ಮತಗಳಿಂದ ಬಿದ್ದುಹೋಯಿತು, ಅದೂ ಡೆಮಾಕ್ರಟಿಕ್ ಪಕ್ಷಕ್ಕೆ ಬಹುಮತವಿದ್ದಾಗ.

ಬೇರೆ ದಾರಿ ಇರಲಿಲ್ಲ ಎನ್ನುವವರು ಅದೇ ದೇಶದ 1933ನೇ ಇಸವಿಯನ್ನು ಮರೆತಿದ್ದಾರೆ. ಆಗ ಸರ್ಕಾರ ಗೃಹಮಾಲೀಕರ ಸಾಲ ನಿಗಮವೊಂದನ್ನು ಕಟ್ಟಿ ಸುಮಾರು 10 ಲಕ್ಷ ಕುಟುಂಬಗಳ ಸಂಕಟದ ಸಾಲವನ್ನು ತಾನೇ ಕೊಂಡು, ದೀರ್ಘ ಕಂತುಗಳಿಗೆ ಬದಲಿಸಿಕೊಟ್ಟಿತು. ಅವುಗಳಲ್ಲಿ ಸುಮಾರು ಐದಕ್ಕೊಂದು ಮನೆ ಕೊನೆಗೂ ಉಳಿಯಲಿಲ್ಲ. ಆದರೂ ನಿಗಮ 1951ರಲ್ಲಿ ವ್ಯವಹಾರ ಮುಗಿಸಿದಾಗ ಅದರ ಲೆಕ್ಕದಲ್ಲಿ ಸಣ್ಣ ಲಾಭವೇ ಇತ್ತು.