ಬೇಲಿಯಾಚೆಯ ಹಕ್ಕಿ

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಗೆ ಐವತ್ತು ವರ್ಷ ತುಂಬಿಯಾಯಿತು. ಗಬ್ಬರ್ ಸಿಂಗ್ ಓಡಾಡಿದ ಬಂಡೆ ಯಾವುದು ಎಂದು ವಿಚಾರಿಸಿಕೊಂಡು ರಾಮನಗರಕ್ಕೆ ಬರುವವರು ಮಾತ್ರ ಇನ್ನೂ ಇದ್ದಾರೆ. ಅದೇ ರಾಮದೇವರ ಬೆಟ್ಟದ ಕಡಿದಾದ ಬಂಡೆಯ ಸಂದುಗಳಲ್ಲಿ, ಸಿನಿಮಾದವರು ಬರುವುದಕ್ಕೂ ಎಷ್ಟೋ ಮೊದಲಿನಿಂದ ಮರಿ ಮಾಡುತ್ತಾ ಬಂದ ಉದ್ದ ಕೊಕ್ಕಿನ ರಣಹದ್ದನ್ನು ವಿಚಾರಿಸುವವರು ಕಡಿಮೆ. 2012ರಲ್ಲಿ ಸರ್ಕಾರ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಅಭಯಾರಣ್ಯವೆಂದು ಘೋಷಿಸಿತು. ಈ ಹಕ್ಕಿಗೆಂದೇ ಮೀಸಲಾದ ಅಭಯಾರಣ್ಯ ದೇಶದಲ್ಲಿ ಅದೇ ಮೊದಲು. ದಶಕ ದಾಟಿದ ಈ ಪ್ರಯೋಗ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ತೂಗಿ ನೋಡಲು ಈಗ ಅಡ್ಡಿಯಿಲ್ಲ.

ನೆಲ ಉಳಿಸಿದ್ದರಲ್ಲಿ ಅದಕ್ಕೆ ಪೂರ್ಣ ಅಂಕ ಕೊಡಬೇಕು. ರಾಮನಗರ, ಮಾಗಡಿ, ಕನಕಪುರದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ‘ಕ್ಲೋಸ್‌ಪೇಟೆ’ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಈ ಶಿಲೆಗೂ ಇಟ್ಟಿದ್ದಾರೆ. ಬೆಂಗಳೂರು ಬೆಳೆದಂತೆಲ್ಲ ಇದಕ್ಕೆ ಗಿರಾಕಿಗಳೂ ಬೆಳೆದರು. ಕ್ವಾರಿ, ಕ್ರಷರ್, ಜಲ್ಲಿ ಲಾರಿ ಈ ಸೀಮೆಯಲ್ಲಿ ದಿನನಿತ್ಯದ ನೋಟ. 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸಂಪುಟ ಒಪ್ಪಿತು. ಹೀಗಿರುವಾಗ ರಾಜಧಾನಿಯಿಂದ ಐವತ್ತು ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ ಒಂದು ಬೆಟ್ಟ ಜಲ್ಲಿಯಾಗದೆ ನಿಂತಿರುವುದು ಸಣ್ಣ ಮಾತಲ್ಲ. ‘ಶೋಲೆ’ಯ ರಾಮಗಢವನ್ನು ಇಲ್ಲಿ ಮತ್ತೆ ಕಟ್ಟಿ ಪ್ರವಾಸಿ ತಾಣ ಮಾಡುವ ಮಾತು ಎದ್ದಾಗ, ಹದ್ದಿನ ಹೆಸರಲ್ಲಿ ಎದುರು ಮಾತಾಡಲು ಕಾನೂನಿನ ಆಸರೆಯೂ ಸಿಕ್ಕಿತು.

ಇನ್ನು ಬೆಟ್ಟದ ಮೇಲೆ ಪ್ರೀತಿ ಇಟ್ಟು ಬರುವವರ ವಿಚಾರ.

ಬೆಟ್ಟದ ತುದಿಯಲ್ಲಿ ರಾಮನ ದೇಗುಲವಿದೆ. ಶ್ರಾವಣದ ಶನಿವಾರಗಳಂದು ಮೆಟ್ಟಿಲು ತುಂಬಾ ಭಕ್ತರು. ಜನಜಂಗುಳಿಯಿಂದ ಹಕ್ಕಿಗೆ ತೊಂದರೆ ಎಂದ ಕೂಡಲೇ ಬೆರಳು ಮೊದಲು ತಿರುಗುವುದು ಇವರತ್ತ. ಆದರೆ ಉದ್ದ ಕೊಕ್ಕಿನ ರಣಹದ್ದು ಗೂಡಿಗೆ ಕೂರುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಶ್ರಾವಣದ ಗದ್ದಲ ಆ ಕಾಲಕ್ಕೆ ಮುಗಿದಿರುತ್ತದೆ. ಆಗ ಶುರುವಾಗುವುದು ಬೆಂಗಳೂರಿನ ಚಾರಣಿಗರ ಸೀಸನ್. ಬಿಸಿಲಿಗೆ ಬಂಡೆ ಕಾಯದ, ಮುಂಜಾನೆ ಚಳಿಯಲ್ಲಿ ಏರಲು ಹಿತವಾದ ತಿಂಗಳುಗಳೇ ಹದ್ದು ವರ್ಷಕ್ಕೊಂದು ಮೊಟ್ಟೆಯಿಟ್ಟು ಕಾವು ಕೊಡುವ ತಿಂಗಳುಗಳು. ಒಂದು ಸಲ ಬೆದರಿ ಗೂಡು ಬಿಟ್ಟರೆ ಆ ವರ್ಷದ ಸಂತಾನವೇ ಹೋದಂತೆ. ಅಭಯಾರಣ್ಯವಾದ ಮೇಲೆ ಇಲ್ಲಿ ಹಗ್ಗ ಕಟ್ಟಿ ಬಂಡೆ ಹತ್ತುವುದಕ್ಕೆ ತಡೆ ಬಿದ್ದಾಗ ಗೊಣಗಿದವರಿದ್ದರು. ಹಕ್ಕಿಯ ಕಡೆಯಿಂದ ನೋಡಿದರೆ ಆ ತಡೆ ಅತ್ಯಗತ್ಯವಾಗಿತ್ತು.

ಇದೇ ಮಾತನ್ನು ಮಾಗಡಿಯ ಸಾವನದುರ್ಗಕ್ಕೂ ಹೇಳಬಹುದು. 1,226 ಮೀಟರ್ ಎತ್ತರದ ಆ ಏಕಶಿಲೆ ವಾರಾಂತ್ಯದ ಜನಕ್ಕೆ ಅಚ್ಚುಮೆಚ್ಚು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಕಾಣದ ಹಳದಿ ಕೊರಳಿನ ಪಿಕಳಾರಕ್ಕೂ ಅದು ಮನೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಮುಗಿಬಿದ್ದ ನಂತರ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು, ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಆರಂಭ ಸರಿಯಾಗಿಯೇ ಇದೆ. ಆದರೆ ಮುನ್ನೂರು ಎಂಬ ಒಂದೇ ಲೆಕ್ಕವನ್ನು ಶೋಲಾ ಕಾಡಿಗೂ ಬೋಳು ಬಂಡೆಗೂ, ಗೂಡಿನ ಕಾಲಕ್ಕೂ ಮಳೆಗಾಲಕ್ಕೂ ಅನ್ವಯಿಸಿದರೆ ಗಲಾಟೆ ಕಡಿಮೆಯಾದೀತು, ಗೂಡು ಉಳಿದೀತು ಎನ್ನುವ ಖಾತ್ರಿಯಿಲ್ಲ. ಎಷ್ಟು ಜನ ಎನ್ನುವುದರ ಜೊತೆಗೆ ಯಾವ ತಿಂಗಳು, ಬಂಡೆಯ ಯಾವ ಮಗ್ಗುಲು ಎನ್ನುವುದೂ ನಿಯಮದೊಳಗೆ ಬರಬೇಕು.

ಆದರೂ ರಾಮನಗರದ ರಣಹದ್ದುಗಳು ಬೆರಳೆಣಿಕೆಗೆ ಇಳಿದದ್ದಕ್ಕೆ ಮುಖ್ಯ ಕಾರಣ ಚಾರಣಿಗರಲ್ಲ, ಭಕ್ತರಲ್ಲ, ಸಿನಿಮಾದವರೂ ಅಲ್ಲ. 346 ಹೆಕ್ಟೇರ್ ಎಂದರೆ ಮೂರೂವರೆ ಚದರ ಕಿಲೋಮೀಟರ್. ಮೇಲೇರುವ ಬಿಸಿಗಾಳಿ ಹಿಡಿದು ತೇಲುವ ಹದ್ದು ಅದನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಊಟ ಹುಡುಕಿ ದಿನಕ್ಕೆ ಹತ್ತಾರು ಕಿಲೋಮೀಟರ್ ಸುತ್ತುತ್ತದೆ. ಅದರ ಮನೆ ಬೇಲಿಯೊಳಗೆ, ಅಡುಗೆಮನೆ ಬೇಲಿಯಾಚೆ.

ಆ ಅಡುಗೆಮನೆಯಲ್ಲಿ ನಡೆದದ್ದೇನು? ಕನಕಪುರ ಕಡೆಯ ಒಂದು ಕೊಟ್ಟಿಗೆಯಲ್ಲಿ ಸೀಮೆಹಸುವಿಗೆ ಕೆಚ್ಚಲುಬಾವು ಎಂದುಕೊಳ್ಳಿ. ಡೈರಿಗೆ ಹಾಲು ನಿಂತರೆ ಮನೆಯ ಸಂತೆ ಖರ್ಚೇ ನಿಂತಂತೆ. ನೋವಿಗೂ ಜ್ವರಕ್ಕೂ ಆಗುವ ಅಗ್ಗದ ಇಂಜೆಕ್ಷನ್ ಎಂದು 1990ರ ದಶಕದಿಂದ ದೇಶದಾದ್ಯಂತ ಚುಚ್ಚಿದ್ದು ಡೈಕ್ಲೋಫೆನಾಕ್. ಔಷಧಿ ಕೊಟ್ಟ ಒಂದೆರಡು ದಿನದಲ್ಲಿ ದನ ಸತ್ತು, ಅದನ್ನು ಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೈಕೊಡುತ್ತದೆ, ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದಂತೆ ಕೂರುತ್ತದೆ, ಕೆಲವೇ ದಿನಗಳಲ್ಲಿ ಅದೂ ಸಾಯುತ್ತದೆ. ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ 2004ರಲ್ಲಿ ಇದನ್ನು ಬಯಲಿಗೆ ತಂದಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾದರೂ ಹಕ್ಕಿಗಳು ಈ ಪ್ರಮಾಣದಲ್ಲಿ ನಾಶವಾಗಲು ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಗುಂಪಾಗಿ ಬಂದು ಒಂದೇ ಹೆಣ ತಿನ್ನುವ ಹಕ್ಕಿಗೆ ಅಷ್ಟೇ ಸಾಕಾಗುತ್ತದೆ. 1992 ಮತ್ತು 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99ಕ್ಕೂ ಹೆಚ್ಚು ಇಲ್ಲವಾದವು. ಉದ್ದ ಕೊಕ್ಕಿನವುಗಳ ಗತಿಯೂ ಹೆಚ್ಚು ಬೇರೆಯಾಗಿರಲಿಲ್ಲ.

2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳೇ ದನಗಳಿಗೂ ಹೋಗುತ್ತಿದ್ದುದರಿಂದ 2015ರಲ್ಲಿ ಅವುಗಳಿಗೂ ತಡೆ ಬಿತ್ತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಸೇರಿದವು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ಎಂಬ ಔಷಧಿ ಸಿಗುತ್ತದೆ. ನಿಷೇಧಗಳೆಲ್ಲ ದೆಹಲಿಯ ಆದೇಶಗಳು; ಇಲ್ಲಿ ಅವನ್ನು ಪಾಲಿಸುವ ಹೊಣೆ ಹಂಚಿಹೋಗಿದೆ. ಅಭಯಾರಣ್ಯ ಅರಣ್ಯ ಇಲಾಖೆಯದು, ಕೊಟ್ಟಿಗೆ ಪಶುಸಂಗೋಪನೆಯದು, ಮೆಡಿಕಲ್ ಸ್ಟೋರ್ ಔಷಧ ನಿಯಂತ್ರಣದ್ದು. ಹಕ್ಕಿಗೆ ಈ ಮೂರೂ ಬೇಕು. ಗಡಿ ಗುರುತಿಸಿಕೊಟ್ಟದ್ದು ಒಂದು ಇಲಾಖೆಗೆ ಮಾತ್ರ.

ವಿಷದ ಬೆನ್ನಿಗೇ ಹಸಿವೂ ಬಂತು. ಉಳುಮೆ ಟ್ರ್ಯಾಕ್ಟರ್ ಪಾಲಾಗಿ ಎತ್ತುಗಳು ಕಡಿಮೆಯಾದವು. ಸತ್ತ ದನವನ್ನು ಊರಾಚೆ ಬಯಲಿಗೆ ಎಳೆದು ಹಾಕುತ್ತಿದ್ದ ರೂಢಿ ಹೋಗಿ ಹೂಳುವುದು ಬಂತು. ನೇಪಾಳದ ನವಲಪರಾಸಿಯಲ್ಲಿ 2006ರಿಂದ ಹಳ್ಳಿಗರೇ ಮುದಿ ಹಸುಗಳನ್ನು ಪಡೆದು, ವಿಷದ ಔಷಧಿ ಕೊಡದೆ ಸಾಕಿ, ತಾವಾಗಿ ಸತ್ತ ಮೇಲೆ ರಣಹದ್ದುಗಳಿಗೆ ಉಣಬಡಿಸುತ್ತಾರೆ. ‘ಜಟಾಯು ರೆಸ್ಟೋರೆಂಟ್’ ಎಂದೇ ಅದಕ್ಕೆ ಹೆಸರು. ಅಲ್ಲಿ ಹಸು, ಹಕ್ಕಿ, ಊರು ಮೂರೂ ಒಂದೇ ಯೋಜನೆಯೊಳಗಿವೆ.

ಘೋಷಿಸಿ ಸುಮ್ಮನಾಗದೆ ವರ್ಷಗಟ್ಟಲೆ ನೋಡಿಕೊಳ್ಳುವ ಅಂಥ ದೃಷ್ಟಿ ಈ ನೆಲಕ್ಕೆ ಹೊಸದೇನಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ರಸ್ತೆಯುದ್ದಕ್ಕೂ ಸಾಲುಮರದ ತಿಮ್ಮಕ್ಕ ಗಂಡ ಚಿಕ್ಕಯ್ಯನವರ ಜೊತೆ ಬೆಳೆಸಿದ ಆಲದ ಮರಗಳು 385 ಎಂಬುದು ಎಲ್ಲರಿಗೂ ಬಾಯಿಪಾಠ. ಪ್ರಶಸ್ತಿ ಪತ್ರಗಳಲ್ಲಿ ಅಚ್ಚಾಗುವುದೂ ಆ ಸಂಖ್ಯೆಯೇ. ಅವರ ಕೆಲಸದ ಹೆಚ್ಚಿನ ಪಾಲು ಇದ್ದದ್ದು ನೆಟ್ಟ ಮೇಲಿನ ವರ್ಷಗಳಲ್ಲಿ: ಬಿಂದಿಗೆಯಲ್ಲಿ ನೀರು ಹೊರುವುದು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟುವುದು. ಅಷ್ಟು ಮಾಡಿದ ಮರಗಳಿಗೂ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಕಂಟಕ ಬಂತು. ಆ ವರ್ಷವೇ ಪದ್ಮಶ್ರೀ ಪಡೆದಿದ್ದ ಅಜ್ಜಿ ಮುಖ್ಯಮಂತ್ರಿಗೆ ಮೊರೆಯಿಟ್ಟ ಮೇಲೆ ಬೇರೆ ದಾರಿ ನೋಡುವುದಾಗಿ ಸರ್ಕಾರ ಒಪ್ಪಿತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ರಾಮದೇವರ ಬೆಟ್ಟಕ್ಕೂ ಸದ್ಯ ಬೇಕಿರುವುದು ಅಂಥ ಆರೈಕೆಯೇ; ಇನ್ನೊಂದು ವೀಕ್ಷಣಾ ಗೋಪುರವೋ ಹದ್ದಿನ ಚಿತ್ರದ ಸ್ವಾಗತ ಕಮಾನೋ ಅಲ್ಲ. ಬೆಂಗಳೂರು ಹಾಲು ಒಕ್ಕೂಟದ (ಬಮೂಲ್) ವ್ಯಾಪ್ತಿಯ ಈ ತಾಲ್ಲೂಕುಗಳಲ್ಲಿ ಹಾಲಿನ ಸಂಘಗಳಿಗೇನೂ ಬರವಿಲ್ಲ. ಬೆಳಗ್ಗೆ, ಸಂಜೆ ಹಾಲು ಹಾಕಲು ಊರೇ ಅಲ್ಲಿ ಸಾಲುಗಟ್ಟುತ್ತದೆ. ಯಾವ ಇಂಜೆಕ್ಷನ್ ಬೇಡ, ಯಾವುದು ಆದೀತು, ದನ ಸತ್ತರೆ ಯಾರಿಗೆ ಫೋನ್ ಮಾಡಬೇಕು ಎಂಬ ಮೂರು ಸಾಲು ಆ ಸಂಘಗಳ ಗೋಡೆಗಳ ಮೇಲೆ ಬರೆಸಲು ದೊಡ್ಡ ಅನುದಾನವೇನೂ ಬೇಕಿಲ್ಲ. ಅಭಯಾರಣ್ಯದ ಮುಂದಿನ ನಿರ್ವಹಣಾ ಯೋಜನೆ ತಯಾರಿಸುವಾಗ ಪಶುವೈದ್ಯರಿಗೂ ಹಾಲಿನ ಸಂಘದ ಕಾರ್ಯದರ್ಶಿಗಳಿಗೂ ಮೇಜಿನ ಬಳಿ ಕುರ್ಚಿ ಹಾಕುತ್ತಾರೋ ಇಲ್ಲವೋ ಎಂಬುದರ ಮೇಲೆ ಅದರ ಬೆಲೆ ಕಟ್ಟಬಹುದು.