ಗಂಧ ಎಲ್ಲಿ ಒಣಗಲಿಲ್ಲ?

ನಾಲ್ಕು ತಿಂಗಳು ಕೂತು ಒಂದು ಗಂಡಭೇರುಂಡ ಬರೆದೆ. ಕಾಗದದ ಮೇಲಲ್ಲ, ಪೆನ್ ಟ್ಯಾಬ್ಲೆಟ್ಟಿನಲ್ಲಿ. ಮುಳುಗುತ್ತಿರುವ ಸೂರ್ಯ, ಕೆಳಗೆ ಸುತ್ತು ಸುತ್ತಾಗಿ ಕಲ್ಲಿನ ಕೋಟೆ, ಅದರ ಮೇಲೆ ರೆಕ್ಕೆ ಬಿಚ್ಚಿ ಎರಗುತ್ತಿರುವ ಎರಡು ತಲೆಯ ಹಕ್ಕಿ. ಚಿತ್ರದ ಅಗಲ 6000 ಪಿಕ್ಸೆಲ್, ಲೇಯರ್‌ಗಳು 130. ಒಂದೊಂದು ಗರಿಗೂ ನಡುದಂಟು ಬರೆದಿದ್ದೆ, ಕೋಟೆಯ ಒಂದೊಂದು ಕಲ್ಲಿಗೂ ಪಾಚಿ ಹಚ್ಚಿದ್ದೆ. ಇನ್ನು ಬರೆಯಲು ಜಾಗವೇ ಉಳಿದಿಲ್ಲ ಅನ್ನಿಸಿದ ರಾತ್ರಿ ಅದನ್ನು ಐದಾರು ಚಿತ್ರಕಾರ ಗೆಳೆಯರಿಗೆ ಕಳಿಸಿ, ‘ಮುಲಾಜಿಲ್ಲದೆ ಹೇಳಿ’ ಎಂದೆ. ಅರ್ಧ ಗಂಟೆಯೊಳಗೆ ಉತ್ತರಗಳು ಬಂದವು. ‘ಅಬ್ಬಾ!’ ‘ಎಂಥ ತಾಳ್ಮೆ ಮಾರಾಯ ನಿನ್ನದು!’ ‘ಗರಿ ಸೂಪರ್.’ ಮಲಗುವಾಗ ಖುಷಿಯಾಗಿಯೇ ಇದ್ದೆ. ಬೆಳಿಗ್ಗೆ ಎದ್ದಾಗ ಏನೋ ಕಸಿವಿಸಿ. ಅವರೆಲ್ಲ ಹೊಗಳಿದ್ದು ನನ್ನ ತಾಳ್ಮೆಯನ್ನು. ಹಕ್ಕಿಯ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ.

ಕಲ್ಪನಾಲೋಕದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುವವರಲ್ಲಿ, ಬರೆದದ್ದನ್ನು ಓರಗೆಯವರ ಮುಂದಿಟ್ಟು ಅಭಿಪ್ರಾಯ ಕೇಳುವುದು ಈಗ ಗಟ್ಟಿಯಾದ ರೂಢಿ. ವಿಡಿಯೋ ಗೇಮ್ ಸ್ಟುಡಿಯೋಗಳಲ್ಲಿ ಅದು ಸಂಬಳದ ಕೆಲಸದ ಭಾಗವೇ. ಅಲ್ಲಿ ಕಲಾ ನಿರ್ದೇಶಕರ ಕಣ್ಣಿಗೆ ಬೀಳದೆ ಒಂದು ಬಂಡೆಯ ಚಿತ್ರವೂ ಮುಂದಿನ ಮೇಜಿಗೆ ಹೋಗುವುದಿಲ್ಲ. ಮನೆಯಲ್ಲಿ ಒಬ್ಬನೇ ಕೂತು ಬರೆಯುವವನಿಗೆ ಅಂಥ ಯಜಮಾನನಿಲ್ಲ, ಗೆಳೆಯರೇ ಆ ಜಾಗ ತುಂಬಬೇಕು. ಹಾಗಾಗಿ ಈ ರೂಢಿ ಬೇಕೇ ಬೇಕು. ನನ್ನ ತಕರಾರು ಇರುವುದು ನಾವು ಅದನ್ನು ನಡೆಸುವ ರೀತಿಯ ಬಗ್ಗೆ. ಚಿತ್ರ ಪೂರ್ತಿ ಮುಗಿದ ಮೇಲೆ ತೋರಿಸುತ್ತೇವೆ, ಪ್ರಶ್ನೆಯೇ ಇಲ್ಲದೆ ಕೇಳುತ್ತೇವೆ. ಈ ಎರಡು ತಪ್ಪಿನಿಂದ ಒಂದು ಒಳ್ಳೆಯ ಅಭ್ಯಾಸ ಹೊಗಳಿಕೆಯ ಮುಯ್ಯಿಯಾಗಿಬಿಟ್ಟಿದೆ: ನಿನ್ನದಕ್ಕೆ ನಾನು ‘ಅಬ್ಬಾ’ ಅಂದೆ, ನನ್ನದಕ್ಕೆ ನೀನು ಅನ್ನು.

ಒಬ್ಬ ಕಸುಬುದಾರ ಇನ್ನೊಬ್ಬನ ಕೆಲಸ ನೋಡಿ ಮಾತಾಡುವುದು ಹೇಗಿರಬೇಕು ಎಂಬುದಕ್ಕೆ ನಮ್ಮಲ್ಲೇ ಒಂದು ಹಳೆಯ ಕಥೆಯಿದೆ. ಬೇಲೂರಿನಲ್ಲಿ ಜಕಣಾಚಾರಿ ಕಡೆದ ಮೂರ್ತಿಯನ್ನು ನೋಡಿ ಒಬ್ಬ ಹುಡುಗ, ‘ಈ ಕಲ್ಲಿನಲ್ಲಿ ದೋಷವಿದೆ’ ಅನ್ನುತ್ತಾನೆ. ದೋಷ ತೋರಿಸಿದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಂಥ ಕಟ್ಟುತ್ತಾನೆ. ಹುಡುಗ ವಾದಕ್ಕೆ ನಿಲ್ಲುವುದಿಲ್ಲ. ಮೂರ್ತಿಗೆಲ್ಲ ಗಂಧ ಬಳಿಸುತ್ತಾನೆ. ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ತೇವ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟು ಒಡೆದರೆ ಒಳಗಿನಿಂದ ನೀರು, ನೀರಿನ ಜೊತೆ ಕಪ್ಪೆ. ಕಪ್ಪೆ ಚನ್ನಿಗರಾಯ ಎಂಬ ಹೆಸರು ಇವತ್ತಿಗೂ ಅಲ್ಲಿದೆ. ಆ ಹುಡುಗ ತನ್ನ ಮಗ ಡಂಕಣನೇ ಎಂದು ತಂದೆಗೆ ತಿಳಿಯುವ ಹೊತ್ತಿಗೆ ಕೈ ಹೋಗಿತ್ತು.

ಇದು ದಂತಕಥೆ. ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳು ಬೇರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಕೆಲಸಕ್ಕೆ ರುಜು ಹಾಕಿದ್ದಾರೆ. ಕಥೆಯ ತಂದೆ ಮಗ ಇದ್ದರೋ ಇಲ್ಲವೋ, ರುಜು ಹಾಕಿದ ಈ ತಂದೆ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದದ್ದು ನಿಜ. ಒಬ್ಬರದನ್ನೊಬ್ಬರು ನೋಡಿ ಏನೂ ಅನ್ನದೆ ಇದ್ದಿರಲಾರರು.

ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಪ್ಪೆಯಲ್ಲ, ಗಂಧ. ಹುಡುಗ ‘ನನಗೆ ಯಾಕೋ ಹಿಡಿಸಲಿಲ್ಲ’ ಅನ್ನಲಿಲ್ಲ. ‘ನಾನಾಗಿದ್ದರೆ ಬೇರೆ ಕಲ್ಲು ತರುತ್ತಿದ್ದೆ’ ಎಂದೂ ಅನ್ನಲಿಲ್ಲ. ಕಡೆದವನೂ ನೋಡಿದವನೂ ಒಟ್ಟಿಗೆ ಕಾಣಬಹುದಾದ ಒಂದು ಪರೀಕ್ಷೆ ಮುಂದಿಟ್ಟ. ಅಭಿಪ್ರಾಯಕ್ಕೂ ವಿಮರ್ಶೆಗೂ ಇರುವ ಅಂತರ ಅಷ್ಟೇ. ಡಿಜಿಟಲ್ ಚಿತ್ರಕಾರರ ಕೈಯಲ್ಲೂ ಇಂಥ ಗಂಧ ಇದೆ, ಬಳಿಯಲು ಅರೆ ಕ್ಷಣ ಸಾಕು. ಚಿತ್ರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದರೆ ಬೆಳಕು ನೆರಳಿನ ಲೆಕ್ಕ ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಎಡ ಬಲ ತಿರುಗಿಸಿದರೆ ವಾಲಿದ ಮುಖ, ಜಾರಿದ ಭುಜ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಐನೂರು ವರ್ಷದ ಹಿಂದೆ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ ಸಲಹೆಯೂ ಇದೇ: ನಿನ್ನ ಚಿತ್ರವನ್ನು ಕನ್ನಡಿಯಲ್ಲಿ ನೋಡು, ಆಗ ಅದು ಬೇರೆಯವರು ಬರೆದಂತೆ ಕಾಣುತ್ತದೆ, ತಪ್ಪು ಬೇಗ ಸಿಗುತ್ತದೆ. ಮೂರನೆಯದು, ಚಿತ್ರವನ್ನು ಉಗುರಿನಷ್ಟು ಕುಗ್ಗಿಸುವುದು. ಅಷ್ಟು ಚಿಕ್ಕದಾದಾಗಲೂ ಏನು ನಡೆಯುತ್ತಿದೆ ಎಂದು ತಿಳಿದರೆ ಚಿತ್ರ ನಿಂತಿದೆ ಎಂದರ್ಥ.

ನಾನು ಈ ಮೂರನ್ನೂ ಮಾಡಿರಲಿಲ್ಲ. ಮಾಡಲು ಮನಸ್ಸಿರಲಿಲ್ಲ ಅನ್ನುವುದೇ ಸರಿ. ಹೆತ್ತವರಿಗೆ ಹೆಗ್ಗಣ ಮುದ್ದು, ಅದೂ ಒಂದೊಂದು ಕೂದಲನ್ನೂ ಕೈಯಾರೆ ಬರೆದ ಹೆಗ್ಗಣವಾದರೆ ಕೇಳುವುದೇ ಬೇಡ.

ವಿವರದ ತೊಂದರೆ ಇರುವುದು ಇಲ್ಲಿ. ಕಂಪ್ಯೂಟರಿನಲ್ಲಿ ಝೂಮ್ ಮಾಡುತ್ತ ಹೋದರೆ ಚಿತ್ರಕ್ಕೆ ಅಂತ್ಯವೇ ಇಲ್ಲ. ನಾಲ್ಕು ಪಟ್ಟು ಹಿಗ್ಗಿಸಿದ ಪರದೆಯಲ್ಲಿ ಒಂದು ಗರಿಯೇ ಒಂದು ಚಿತ್ರ. ಅದನ್ನು ಬರೆಯುತ್ತಿರುವಾಗ ಹಕ್ಕಿ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ನೋಡುವವನು ಮೊಬೈಲಿನ ಅಂಗೈ ಅಗಲದ ಗಾಜಿನಲ್ಲಿ ಇಡೀ ಚಿತ್ರವನ್ನು ಒಮ್ಮೆಗೇ ನೋಡುತ್ತಾನೆ. ಅವನಿಗೆ ಕಾಣುವುದು ಗರಿಯಲ್ಲ, ಗರಿಗೆ ಹಿಡಿದ ಹೊತ್ತು. ಇನ್ನೊಬ್ಬರ ನಾಲ್ಕು ತಿಂಗಳಿನ ಮುಂದೆ ನಿಂತು ‘ಇದರ ಬುಡವೇ ಸರಿಯಿಲ್ಲ’ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಗೃಹಪ್ರವೇಶದ ಊಟಕ್ಕೆ ಹೋದವರು ಅಡಿಪಾಯದ ಮಾತು ಎತ್ತುತ್ತಾರೆಯೇ? ಬಾಗಿಲಿನ ಪಾಲಿಶ್ ಚೆನ್ನಾಗಿದೆ ಎಂದು ಹೇಳಿ ಊಟ ಮಾಡಿ ಬರುತ್ತಾರೆ. ಚಿತ್ರ ಮುಗಿದಷ್ಟೂ ನೋಡುವವರ ಮಾತು ಪಾಲಿಶ್ಶಿನ ಮೇಲೇ ಉಳಿಯುತ್ತದೆ.

ವಿವರವೇ ಬೇಡ ಎಂದು ಇದರ ಅರ್ಥವಲ್ಲ. ಕಲ್ಪನೆಯ ಪ್ರಾಣಿಗೆ ನಂಬಿಕೆ ಹುಟ್ಟಿಸುವುದು ವಿವರವೇ. ಇಲ್ಲದ ಪ್ರಾಣಿಯನ್ನು ಬರೆಯಬೇಕಾದರೆ ಇರುವ ಪ್ರಾಣಿಗಳಿಂದ ಒಂದೊಂದು ಅಂಗ ತೆಗೆದುಕೋ ಎಂದದ್ದೂ ಲಿಯೊನಾರ್ಡೊನೇ. ನಾಯಿಯ ತಲೆ, ಬೆಕ್ಕಿನ ಕಣ್ಣು, ಆಮೆಯ ಕತ್ತು ಎಂದು ಅವನ ಪಟ್ಟಿ ಸಾಗುತ್ತದೆ. ನಮ್ಮ ಹೊಯ್ಸಳ ಗುಡಿಗಳ ಮಕರವೂ ಹಾಗೆ ಹಲವು ಪ್ರಾಣಿ ಸೇರಿ ಆದದ್ದೇ. ಆದರೆ ಗಂಡಭೇರುಂಡ ಎಷ್ಟು ದೊಡ್ಡದು ಎಂದು ಹೇಳುವುದಕ್ಕೆ ಬೇಲೂರಿನ ಶಿಲ್ಪಿ ಗರಿ ಎಣಿಸಲಿಲ್ಲ. ಅವನು ಒಂದು ಸರಪಳಿ ಕಡೆದ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹಾವನ್ನು ಆನೆ ಎತ್ತುತ್ತಿದೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಇದನ್ನೆಲ್ಲ ಬೆರಗಾಗಿ ನೋಡುತ್ತಿದ್ದಾನೆ. ಆನೆಯನ್ನು ಕಂಡವರಿಗೆಲ್ಲ ಹಕ್ಕಿಯ ಗಾತ್ರ ತಾನಾಗಿ ತಿಳಿಯುತ್ತದೆ. ನನ್ನ ಚಿತ್ರದಲ್ಲಿ ಗರಿ ಸಾವಿರ ಇದ್ದವು. ಆನೆ ಇರಲಿಲ್ಲ.

ಇದನ್ನು ನನಗೆ ಕಾಣಿಸಿದವರು ಕಂಪ್ಯೂಟರ್ ಮುಟ್ಟದ ಒಬ್ಬ ಹಿರಿಯರು. ಮೆಜೆಸ್ಟಿಕ್ಕಿನ ಚಿತ್ರಮಂದಿರಗಳಿಗೆ ಕಟೌಟ್ ಬರೆದುಕೊಂಡಿದ್ದವರು, ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕೆಳಗಿಟ್ಟವರು. ಆಳೆತ್ತರದ ಮೂಗನ್ನು ಚೌಕ ಹಾಕಿ ಹತ್ತಿರದಿಂದ ಬರೆದು, ಸರಿಯಾಗಿದೆಯೋ ಇಲ್ಲವೋ ಎಂದು ರಸ್ತೆ ದಾಟಿ ಹೋಗಿ ನೋಡಿ ಬರುವುದು ಅವರ ಕಸುಬಿನ ದಿನಚರಿಯಾಗಿತ್ತು. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಕುರ್ಚಿಯಿಂದೆದ್ದು ಗೋಡೆಯವರೆಗೆ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಿದರು. ‘ಎರಡು ತಲೇನೂ ಸಮಕ್ಕೆ ಕಿರುಚ್ತಾ ಇದಾವಲ್ಲಪ್ಪಾ. ನಾನು ಯಾವುದನ್ನ ಕೇಳ್ಲಿ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕೋಟೇನೂ ಜೊತೇಲಿ ಕಿರುಚ್ತದೆ’ ಅಂತ ಸೇರಿಸಿದರು. ಕಪ್ಪು ಬಿಳುಪು ಮಾಡಿ ನೋಡಿದೆ. ಎರಡು ತಲೆ, ಕೋಟೆ, ಮೋಡ ಎಲ್ಲವೂ ಒಂದೇ ಬೂದು. ಹೊಕ್ಕುಳ ಹತ್ತಿರ ಮಾತ್ರವಲ್ಲ, ನನ್ನ ಮೂರ್ತಿಯ ಮೈಯೆಲ್ಲ ತೇವ.

ಅವರು ಮಾಡಿದ್ದನ್ನು ಉಳಿದ ಪ್ರತಿಕ್ರಿಯೆಗಳ ಪಕ್ಕದಲ್ಲಿಟ್ಟು ತೂಗಿ ನೋಡಬೇಕು. ಹೊಗಳಿಕೆಯ ವಿಷಯ ಆಗಲೇ ಹೇಳಿದೆ. ಅದರಿಂದ ಉತ್ಸಾಹ ಬರುತ್ತದೆ, ಕಣ್ಣು ಬರುವುದಿಲ್ಲ. ಎರಡನೆಯದು ಮೊಸರಿನಲ್ಲಿ ಕಲ್ಲು ಹುಡುಕುವ ಮಾತು. ಉಗುರು ಕೊಂಚ ಉದ್ದವಾಯಿತು, ಎಡಗಡೆಯ ಮೋಡ ಹತ್ತಿಯಂತಿದೆ ಎನ್ನುವ ಬಗೆಯದು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಗ್ರೀಕ್ ಚಿತ್ರಕಾರ ಅಪೆಲೀಸ್ ತನ್ನ ಚಿತ್ರವನ್ನು ದಾರಿಯಲ್ಲಿಟ್ಟು ಹಿಂದೆ ಅಡಗಿ ಕೂತು ಜನರ ಮಾತು ಕೇಳುತ್ತಿದ್ದನಂತೆ. ಚಮ್ಮಾರನೊಬ್ಬ ಚಪ್ಪಲಿಯ ಬಾರಿನಲ್ಲಿ ತಪ್ಪು ತೋರಿಸಿದ, ಅಪೆಲೀಸ್ ರಾತ್ರೋರಾತ್ರಿ ತಿದ್ದಿದ. ಮರುದಿನ ಚಮ್ಮಾರ ಉಬ್ಬಿ, ಕಾಲಿಗೂ ತಪ್ಪು ಹೇಳತೊಡಗಿದಾಗ, ಚಪ್ಪಲಿ ದಾಟಿ ಮೇಲೆ ಬರಬೇಡ ಎಂದನಂತೆ. ರೋಮಿನ ಪ್ಲಿನಿ ಬರೆದಿಟ್ಟ ಕಥೆಯಿದು. ಚಮ್ಮಾರನನ್ನು ಗದರಿದ ಭಾಗವೇ ಹೆಚ್ಚು ಪ್ರಸಿದ್ಧ. ನನಗೆ ಇಷ್ಟವಾಗುವುದು ರಾತ್ರಿ ಕೂತು ಬಾರು ತಿದ್ದಿದ ಭಾಗ. ಹಕ್ಕಿಗಳನ್ನು ನೋಡುವ ಹವ್ಯಾಸದ ಗೆಳತಿಯೊಬ್ಬಳು ಆಮೇಲೊಮ್ಮೆ, ‘ಇಷ್ಟು ತೂಕದ ಹಕ್ಕಿ ಎರಗುವಾಗ ಕಾಲು ಮುಂದೆ ಚಾಚುತ್ತೆ, ನಿಂದು ಬಾತುಕೋಳಿ ಥರ ಹಿಂದೆ ಇಟ್ಕೊಂಡಿದೆ’ ಎಂದಳು. ಅದು ಚಪ್ಪಲಿಯ ಮಾತು, ಅಕ್ಷರಶಃ ಕಾಲಿನ ಮಾತು, ಪೂರಾ ನಿಜ. ಆದರೆ ಇಂಥ ಹತ್ತು ತಿದ್ದುಪಡಿ ಮಾಡಿದರೂ ಚಿತ್ರದ ಕಿರುಚಾಟ ನಿಲ್ಲುತ್ತಿರಲಿಲ್ಲ.

ಮೂರನೆಯದು ಪೇಂಟ್‌ಓವರ್. ಕೊಟ್ಟ ಚಿತ್ರದ ಮೇಲೆ ಹೊಸ ಲೇಯರ್ ಇಟ್ಟು ಗೆಳೆಯನೇ ತಿದ್ದಿ ತೋರಿಸುವುದು. ಡಿಜಿಟಲ್ ಕಲೆ ತಂದುಕೊಟ್ಟ ದೊಡ್ಡ ಸೌಲಭ್ಯವಿದು. ಎಣ್ಣೆ ಬಣ್ಣದ ಚಿತ್ರದ ಮೇಲೆ ಗುರು ಕುಂಚ ಇಟ್ಟರೆ ಶಿಷ್ಯನ ಗೆರೆ ಅಲ್ಲಿಗೆ ಮುಗಿಯಿತು. ಇಲ್ಲಿ ಅಡಿಯ ಚಿತ್ರಕ್ಕೆ ಗಾಯವಾಗದೆ ತಿದ್ದುಪಡಿ ಮೇಲೆ ಕೂರುತ್ತದೆ, ಬೇಡವಾದರೆ ಮುಚ್ಚಬಹುದು. ಎರಡು ಪುಟದ ಮಾತಿನಲ್ಲಿ ಹೇಳಲಾಗದ್ದನ್ನು ಎರಡು ಗೆರೆ ಹೇಳಿಬಿಡುತ್ತವೆ. ನನ್ನ ಒಬ್ಬ ಗೆಳೆಯ ಗಂಡಭೇರುಂಡದ ಮೇಲೆ ಒಂದು ಗಂಟೆ ಕೆಲಸ ಮಾಡಿ ಕಳಿಸಿದ. ಬೆಂಕಿ ಕಾರುವ, ಉಕ್ಕಿನ ಕೊಕ್ಕಿನ, ನೀಲಿ ಹೊಗೆ ಸುತ್ತಿದ ಹಕ್ಕಿ ಅದು. ಚೆನ್ನಾಗಿಯೇ ಇತ್ತು. ಅವನದಾಗಿತ್ತು. ಅದನ್ನು ನೋಡಿದ ಮೇಲೆ ಎರಡು ದಿನ ನನ್ನ ಹಕ್ಕಿ ನನಗೆ ಕಾಣಿಸಲೇ ಇಲ್ಲ. ತಪ್ಪು ಎಲ್ಲಿದೆ ಎಂದು ತೋರಿಸುವವರೆಗೆ ಪೇಂಟ್‌ಓವರ್ ವಿಮರ್ಶೆ. ಹೇಗಿರಬೇಕು ಎಂದು ಪೂರ್ತಿ ಬರೆದುಕೊಟ್ಟಲ್ಲಿ ಅದು ಮನೆಪಾಠದ ಮೇಷ್ಟ್ರು ಮಗುವಿನ ಲೆಕ್ಕ ತಾವೇ ಮಾಡಿದ ಹಾಗೆ. ಡಂಕಣ ಬೇರೆ ಮೂರ್ತಿ ಕಡೆದುಕೊಡಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ತಿದ್ದುವುದು ಸುಲಭವಾದ್ದರಿಂದಲೇ ಇನ್ನೊಂದು ಅಪಾಯವೂ ಇದೆ. ಕಲ್ಲು ಒಡೆದರೆ ಒಡೆಯಿತು. ಡಿಜಿಟಲ್ ಚಿತ್ರದಲ್ಲಿ ಯಾವ ತಪ್ಪಿಗೂ ಕೈ ಕತ್ತರಿಸಿಕೊಳ್ಳಬೇಕಾಗಿಲ್ಲ, ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ಹಾಗಾಗಿ ಕೆಲಸ ಮುಗಿಯುವುದೇ ಇಲ್ಲ. 1831ರಲ್ಲಿ ಪ್ರಕಟವಾದ, ಫ್ರೆಂಚ್ ಲೇಖಕ ಬಾಲ್ಜಾಕನ ಕಥೆಯೊಂದರಲ್ಲಿ ಮುದುಕ ಚಿತ್ರಕಾರ ಫ್ರೆನ್‌ಹೋಫರ್ ಒಂದೇ ಚಿತ್ರವನ್ನು ಹತ್ತು ವರ್ಷ ಯಾರಿಗೂ ತೋರಿಸದೆ ತಿದ್ದುತ್ತಾನೆ. ಕೊನೆಗೆ ಇಬ್ಬರು ಚಿತ್ರಕಾರರಿಗೆ ತೋರಿಸಿದಾಗ ಅವರಿಗೆ ಕಾಣುವುದು ಬಣ್ಣದ ರಾಡಿ, ಅದರ ಮೂಲೆಯಲ್ಲಿ ಜೀವಂತವಾದ ಒಂದು ಪಾದ. ಆ ರಾತ್ರಿ ಅವನು ಚಿತ್ರಗಳನ್ನು ಸುಟ್ಟು ಸಾಯುತ್ತಾನೆ. ಹತ್ತು ವರ್ಷದ ನಡುವೆ ಒಮ್ಮೆಯಾದರೂ ತೋರಿಸಿದ್ದರೆ, ‘ಪಾದ ಬಂತು, ಇನ್ನು ಕುಂಚ ತೊಳೆದಿಡು’ ಎಂದು ಯಾರಾದರೂ ಹೇಳುತ್ತಿದ್ದರೇನೋ. ನಿಲ್ಲಿಸು ಎಂದು ಹೇಳುವುದೂ ವಿಮರ್ಶಕನ ಕೆಲಸ. ಅದನ್ನು ಹೇಳಬಲ್ಲವನು ಪಕ್ಕದಲ್ಲಿರುವ ಇನ್ನೊಬ್ಬ ಚಿತ್ರಕಾರ ಮಾತ್ರ, ಏಕೆಂದರೆ ತಿದ್ದುವ ಚಟ ಎಂಥದೆಂದು ಅವನಿಗೂ ಗೊತ್ತು.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ತೋರಿಸುವ ಸಮಯ ಗರಿ ಬರೆಯುವ ಮೊದಲು ಬರಬೇಕು. ಬೆಳಕು, ನೆರಳು, ದೊಡ್ಡ ಆಕಾರ ಇಷ್ಟೇ ಇರುವ, ಎರಡು ತಾಸಿನ ಕರಡು ಸಾಕು. ಎರಡು ತಾಸಿನ ಕೆಲಸವನ್ನು ಬೈಯಲು ಯಾರಿಗೂ ದಾಕ್ಷಿಣ್ಯವಿಲ್ಲ, ಬಿಸಾಡಲು ಬರೆದವನಿಗೂ ಸಂಕಟವಿಲ್ಲ. ಮುಗಿದ ಚಿತ್ರವನ್ನೂ ತೋರಿಸೋಣ, ಅದು ಸಂಭ್ರಮ. ಸಂಭ್ರಮಕ್ಕೆ ವಿಮರ್ಶೆಯ ಹೆಸರು ಕೊಡುವುದು ಬೇಡ. ಕೇಳುವಾಗ ‘ಹೇಗಿದೆ’ ಎಂದು ಕೇಳುವುದೂ ಬೇಡ. ಆ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ, ‘ಚೆನ್ನಾಗಿದೆ’.

ನಾನು ಚಿತ್ರವನ್ನು ಮತ್ತೆ ತೆರೆದೆ. ಒಂದು ತಲೆಯನ್ನು ಸೂರ್ಯನ ಎದುರಿಗೆ ಬಿಟ್ಟು, ಇನ್ನೊಂದನ್ನು ನೆರಳಿಗೆ ಹಾಕಿದೆ. ಗರಿಯ ಲೇಯರ್‌ಗಳಲ್ಲಿ ಮುಕ್ಕಾಲು ಪಾಲು ಮುಚ್ಚಿದೆ. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಕಾಲು ಮುಂದಕ್ಕೆ ಬಂತು. ಕೋಟೆಯ ಬುರುಜಿನ ಮೇಲೆ ಒಂದು ಆನೆ ಬರೆದೆ, ಇರುವೆಯಷ್ಟು. ಅದೇ ಗೆಳೆಯರಿಗೆ ಕಳಿಸಿ ಒಂದೇ ಪ್ರಶ್ನೆ ಕೇಳಿದೆ: ‘ಕಣ್ಣು ಮೊದಲು ಎಲ್ಲಿಗೆ ಹೋಯಿತು?’ ಈ ಸಲ ಉತ್ತರ ಬರಲು ಒಂದು ದಿನ ಹಿಡಿಯಿತು. ಮೂವರು, ಬೆಳಕಿನಲ್ಲಿರುವ ತಲೆಯ ಕಣ್ಣಿಗೆ ಎಂದರು. ಒಬ್ಬ, ಆನೆಗೆ ಎಂದ. ಹಕ್ಕಿಗಳ ಗೆಳತಿ, ‘ಕೋಟೆ ಬಾಗಿಲಿಗೆ’ ಎಂದಳು. ಹೋಗಿ ನೋಡಿದೆ. ಮೊದಲ ತಿಂಗಳಲ್ಲಿ ಯಾವಾಗಲೋ ಬಾಗಿಲ ಪಕ್ಕ ಒಂದು ಪಂಜು ಹಚ್ಚಿಟ್ಟಿದ್ದೆ, ಮರೆತೇ ಹೋಗಿತ್ತು. ಸಂಜೆಗತ್ತಲಲ್ಲಿ ಸೂರ್ಯನಿಗಿಂತ ಜೋರಾಗಿ ಉರಿಯುತ್ತಿತ್ತು. ಅಲ್ಲಿ ಗಂಧ ಇನ್ನೂ ಒಣಗಿಲ್ಲ. ಇವತ್ತು ರಾತ್ರಿ ಆ ಲೇಯರ್ ಯಾವುದೆಂದು ಹುಡುಕಬೇಕು.